ಹದಿನೆಂಟು ನಿಮಿಷದ ವಡೋದರಾ

ಅಹಮದಾಬಾದಿನಿಂದ ವಡೋದರಾಕ್ಕೆ ಹದಿನೆಂಟು ನಿಮಿಷ, ಅಲ್ಲಿಂದ ಸೂರತ್ತಿಗೆ ಇಪ್ಪತ್ತೈದು. ಹಳಿಯನ್ನೇ ಮುಟ್ಟದೆ, ಅಯಸ್ಕಾಂತದ ಬಲದಿಂದ ಒಂದು ಬೆರಳಷ್ಟು ಮೇಲೆ ತೇಲಿಕೊಂಡು ಓಡುವ ಗಾಡಿ. ಇದು ಸಾಧ್ಯವೇ ಎಂದು ವರದಿ ಬರೆಯುವ ಕೆಲಸ 2003ರಲ್ಲಿ ನಮ್ಮ ಕಚೇರಿಗೆ ಬಂತು. ಗಾಡಿ ತೇಲುತ್ತದೆಯೋ ಇಲ್ಲವೋ ಎಂದು ನೋಡುವವರು ಬೇರೆ ಇದ್ದರು, ಅವರು ಯಾವುದೋ ಹೊರದೇಶದಲ್ಲಿ ಕೂತಿದ್ದರು. ತೇಲಿದರೆ ಅದರಲ್ಲಿ ಯಾರು ಕೂರುತ್ತಾರೆ ಎಂದು ಹೇಳಬೇಕಾದವಳು ನಾನು. ಹೆಸರು ಮಂದಾಕಿನಿ, ಊರು ಧಾರವಾಡ, ವಯಸ್ಸು ಇಪ್ಪತ್ತೇಳು, ಓದಿದ್ದು ಸಂಖ್ಯಾಶಾಸ್ತ್ರ.

ಕಚೇರಿ ಅಹಮದಾಬಾದಿನ ಬೋಡಕ್‌ದೇವ್‌ ಬಡಾವಣೆಯಲ್ಲಿ, ಮೂರನೇ ಮಹಡಿ. ಗೋಡೆಯ ಮೇಲೆ ಮೂತಿ ಚೂಪಾದ ರೈಲಿನ ದೊಡ್ಡ ಚಿತ್ರವೊಂದನ್ನು ಅಂಟಿಸಿದ್ದರು. ಅದರ ಕಿಟಕಿಗಳಲ್ಲಿ ಕಾಣುವವರೆಲ್ಲ ಸೂಟು ಹಾಕಿದ ಬಿಳಿಯರು. ನಮ್ಮ ಯಜಮಾನ ರೋಹಿತ್‌ಭಾಯ್ ದಿನಕ್ಕೆ ನಾಲ್ಕು ಸಲ ಅದರ ಮುಂದೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ತಾನೇ ಅದನ್ನು ಹೆತ್ತವನಂತೆ ನೋಡುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಒಂದು ಸಂಖ್ಯೆ. ದಿನಕ್ಕೆ ಇಪ್ಪತ್ತೆಂಟು ಸಾವಿರ ಪ್ರಯಾಣಿಕರು ಸಿಗುತ್ತಾರೆ ಎಂದಾದರೆ ವರದಿ ಮುಂದೆ ಹೋಗುತ್ತದೆ, ನಮಗೆ ಎರಡನೇ ಹಂತದ ಕೆಲಸವೂ ಸಿಗುತ್ತದೆ. ಅದಕ್ಕಿಂತ ಕಡಿಮೆಯಾದರೆ ಆ ಚಿತ್ರವನ್ನು ಗೋಡೆಯಿಂದ ಕಿತ್ತು ಮಡಚಿಡಬೇಕಾಗುತ್ತದೆ.

ಸಂಖ್ಯೆ ಹುಡುಕುವ ವಿಧಾನ ಸರಳ. ರೈಲಿನಲ್ಲಿ, ಬಸ್ಸಿನಲ್ಲಿ, ನಿಲ್ದಾಣದಲ್ಲಿ ಜನರಿಗೆ ಒಂದು ಫಾರ್ಮು ಕೊಟ್ಟು ತುಂಬಿಸಿಕೊಳ್ಳುವುದು. ಎಲ್ಲಿಂದ ಎಲ್ಲಿಗೆ, ಏತಕ್ಕೆ, ತಿಂಗಳ ಸಂಪಾದನೆ ಎಷ್ಟು, ಮತ್ತು ಹದಿನೇಳನೇ ಪ್ರಶ್ನೆ: ಹದಿನೆಂಟು ನಿಮಿಷದ ಗಾಡಿ ಬಂದರೆ ಇಷ್ಟು ದರ ಕೊಟ್ಟು ಹೋಗುತ್ತೀರಾ? ದರ ನೂರರಿಂದ ಶುರುವಾಗಿ ಇನ್ನೂರೈವತ್ತರವರೆಗೆ. ಮೊದಲು ಮೂವತ್ತು ಪ್ರಶ್ನೆಗಳಿದ್ದವು. ಅಷ್ಟನ್ನು ಕೇಳಿದರೆ ಜನ ಫಾರ್ಮನ್ನು ನನ್ನ ಮುಖಕ್ಕೇ ಎಸೆಯುತ್ತಾರೆಂದು ನಾನೇ ಎಂಟನ್ನು ಹೊಡೆದು ಹಾಕಿದೆ. ನಾವು ತುಂಬಿಸಿಕೊಂಡ ಒಂದೊಂದು ಫಾರ್ಮೂ ಲೆಕ್ಕದಲ್ಲಿ ಸುಮಾರು ಎಂಬತ್ತು ಜನರ ಪರವಾಗಿ ನಿಲ್ಲುತ್ತದೆ. ಒಬ್ಬನ ಮಾತನ್ನು ಎಂಬತ್ತು ಜನರ ಮಾತೆಂದು ಹೇಳುವ ಈ ವಿದ್ಯೆಗೆ ನನಗೆ ಸಂಬಳ ಕೊಡುತ್ತಿದ್ದರು.

ಅಹಮದಾಬಾದು ವಡೋದರಾಗಳ ನಡುವೆ ದಿನಾ ಹೋಗಿ ಬರುವವರಿಗೆ ಅಲ್ಲಿ ಅಪ್‌ಡೌನ್‌ನವರು ಎನ್ನುತ್ತಾರೆ. ಮಧ್ಯಾಹ್ನ ಮೂರೂ ಹತ್ತಕ್ಕೆ ಅಹಮದಾಬಾದು ಬಿಡುವ ಪ್ಯಾಸೆಂಜರ್ ಗಾಡಿ ಇವರದೇ ಸಾಮ್ರಾಜ್ಯ. ಮೊದಲು ಹತ್ತಿದವನು ಕರವಸ್ತ್ರ, ಪತ್ರಿಕೆ, ಟಿಫಿನ್ ಡಬ್ಬಿ ಹೀಗೆ ಕೈಗೆ ಸಿಕ್ಕಿದ್ದನ್ನು ಸೀಟಿನ ಮೇಲೆಸೆದು ಎಂಟು ಜನರ ಜಾಗ ಹಿಡಿಯುತ್ತಾನೆ. ಆ ಕರವಸ್ತ್ರವನ್ನು ಸರಿಸಿ ಕೂತು ನೋಡಿ, ಆಮೇಲೆ ನಿಮ್ಮ ಗತಿ ನಿಮಗೆ. ಆ ವಿಷಯ ಗೊತ್ತಿಲ್ಲದೆ ಮೊದಲ ದಿನ ಹಾಗೆ ಕೂತವಳು ನಾನೇ. ಒಬ್ಬರು ಎಬ್ಬಿಸಿದರು, ಇನ್ನೊಬ್ಬರು ಬೈದರು, ಗಾಡಿ ಕುಲುಕಿ ನನ್ನ ಕೈಯಲ್ಲಿದ್ದ ಫಾರ್ಮಿನ ಕಟ್ಟು ಕೆಳಗೆ ಬಿತ್ತು.

“ಇವರ ಮನಿ ಹಾಳಾಗ್ಲಿ,” ಎಂದು ನಾನು ಗೊಣಗಿದೆ.

“ಕನ್ನಡದವರಾ?” ಎಂದು ಬಾಗಿಲ ಬಳಿ ನಿಂತಿದ್ದವರೊಬ್ಬರು ಕೇಳಿದರು. ನಲವತ್ತರ ಆಸುಪಾಸು, ಬಿಳಿ ಅರ್ಧ ತೋಳಿನ ಅಂಗಿ, ಮೈಯಿಂದ ಸಾರಿನ ಒಗ್ಗರಣೆಯ ವಾಸನೆ. “ಮನೆ ಹಾಳಾಗುವುದು ಬೇಡ ಮೇಡಮ್, ಬಾಡಿಗೆ ಮನೆ ಎಲ್ಲ. ಇಲ್ಲಿ ಕೂತ್ಕೊಳ್ಳಿ.”

ಅವರು ಕಾರ್ಕಳದ ಕಡೆಯ ತಿಮ್ಮಪ್ಪ. ಅಹಮದಾಬಾದಿನ ಒಂದು ಉಡುಪಿ ಹೋಟೆಲಿನಲ್ಲಿ ಬೆಳಗಿನ ಪಾಳಿಯ ಅಡುಗೆಯವರು. ನಸುಕಿನ ಗಾಡಿಗೆ ವಡೋದರಾ ಬಿಟ್ಟು, ಮಧ್ಯಾಹ್ನದ ಊಟ ಬಡಿಸಿ, ಇದೇ ಗಾಡಿಗೆ ವಾಪಸು. ಹೆಂಡತಿ ಕಮಲಾ ಸೂರತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸ್, ದಿನ ತುಂಬದೆ ಹುಟ್ಟಿದ ಶಿಶುಗಳನ್ನು ನೋಡಿಕೊಳ್ಳುವ ವಿಭಾಗದಲ್ಲಿ, ವಾರಕ್ಕೆ ನಾಲ್ಕು ರಾತ್ರಿ ಪಾಳಿ. ಆರು ವರ್ಷದ ಮಗಳು ಆಶ್ರಿತಾ.

“ಹಂಗಾರ ಮನಿ ವಡೋದರಾದಾಗ ಯಾಕ ಮಾಡೀರಿ?” ಎಂದೆ.

“ನನ್ನ ಕೆಲಸ ಈಚೆ, ಅವಳದ್ದು ಆಚೆ. ನಡುವೆ ವಡೋದರಾ ಉಂಟಲ್ಲ, ಇಬ್ಬರಿಗೂ ಸಮ ದೂರ ಆಗ್ಲಿ ಅಂತ ಅಲ್ಲಿ ಮಾಡಿದ್ದು.”

ಆಮೇಲೆ ಅವರು ತಮ್ಮ ಸಂಜೆಯ ವ್ಯವಸ್ಥೆ ಹೇಳಿದರು. ಈ ಗಾಡಿ ವಡೋದರಾ ಮುಟ್ಟುವುದು ಐದೂ ನಲವತ್ತಕ್ಕೆ. ಕಮಲಾ ಹತ್ತಬೇಕಾದ ಸೂರತ್ ಗಾಡಿ ಹೊರಡುವುದು ಐದೂ ಐವತ್ತೈದಕ್ಕೆ. ಮಗಳನ್ನು ಕರೆದುಕೊಂಡು ಅವಳು ಪ್ಲಾಟ್‌ಫಾರ್ಮಿಗೇ ಬಂದಿರುತ್ತಾಳೆ. ಇವರು ಇಳಿಯುತ್ತಾರೆ, ಮಗುವಿನ ಕೈ ಹಿಡಿದುಕೊಳ್ಳುತ್ತಾರೆ, ಅವಳು ಹತ್ತುತ್ತಾಳೆ. ಗಂಡ ಹೆಂಡತಿ ಆ ನಾಲ್ಕು ದಿನಗಳಲ್ಲಿ ಮುಖ ನೋಡಿಕೊಳ್ಳುವುದು ಆ ಹದಿನೈದು ನಿಮಿಷ. ಬೆಳಿಗ್ಗೆ ಮಗುವನ್ನು ಎಬ್ಬಿಸಿ ಶಾಲೆಗೆ ಕಳಿಸಲು ಪಕ್ಕದ ಮನೆಯವರಿದ್ದಾರೆ, ಸಂಜೆ ಅವರು ಕೆಲಸಕ್ಕೆ ಹೋಗುತ್ತಾರೆ. ಒಮ್ಮೆ ಗಾಡಿ ತಡವಾಗಿ, ಕಮಲಾ ಮಗುವನ್ನು ಪುಸ್ತಕದಂಗಡಿಯವನ ಬಳಿ ಕೂರಿಸಿ ಹೋದಳಂತೆ. ಅಪ್ಪನನ್ನು ಹುಡುಕುತ್ತಾ ಮಗು ಮೂರನೇ ಪ್ಲಾಟ್‌ಫಾರ್ಮಿಗೆ ಹೋಗಿಬಿಟ್ಟಿತ್ತು. ಅಂದಿನಿಂದ ತಾನು ಬರುವವರೆಗೆ ಅವಳು ಹತ್ತುವುದಿಲ್ಲ ಎಂದರು.

ನನಗೆ ಆದ ಖುಷಿ ಹೇಳಬಾರದು. ಮೂರು ಊರು, ಒಂದು ಸಂಸಾರ! ನಮ್ಮ ಗಾಡಿಯನ್ನು ಇವರಿಗೆಂದೇ ಹೊಲಿಸಿದಂತಿತ್ತು. ಫಾರ್ಮು ಮುಂದಿಟ್ಟೆ. ತಿಮ್ಮಪ್ಪ ಅದನ್ನು ಎರಡೆರಡು ಸಲ ಓದಿದರು.

“ಇದರಲ್ಲಿ ಹೌದು ಅಂತ ಬರೆದ್ರೆ ಆ ರೈಲು ಬರ್ತದಾ?”

“ಭಾಳ ಮಂದಿ ಬರದ್ರ ಬರಬಹುದು.”

“ಹಾಗಾದ್ರೆ ಕಟ್ಟು ಇಲ್ಲಿ ಕೊಡಿ,” ಎಂದರು.

ಆ ಬೋಗಿಯಲ್ಲಿ ಅವರ ಮಾತು ನಡೆಯುತ್ತಿತ್ತು. ಹೋಟೆಲಿನಿಂದ ಎಲೆಯಲ್ಲಿ ಕಟ್ಟಿ ತಂದ ಇಡ್ಲಿಯನ್ನು ಇಸ್ಪೀಟಾಡುವವರಿಗೂ ಭಜನೆಯವರಿಗೂ ಸಮನಾಗಿ ಹಂಚುವ ಮನುಷ್ಯ. ಅವರು ಗುಜರಾತಿಯಲ್ಲಿ ಏನೋ ಹೇಳುತ್ತಾ ಹಂಚುತ್ತಾ ಹೋದರು, ಆಣಂದ್ ಬರುವಷ್ಟರಲ್ಲಿ ಅರವತ್ತೊಂದು ಫಾರ್ಮು ತುಂಬಿ ನನ್ನ ತೊಡೆಯ ಮೇಲೆ ಬಂದು ಕೂತವು. ಬೇರೆ ಗಾಡಿಗಳಲ್ಲಿ ಒಂದು ವಾರ ಬೇಡಿದರೂ ನನಗೆ ಅಷ್ಟು ಸಿಕ್ಕಿರಲಿಲ್ಲ.

ಎರಡು ತಿಂಗಳ ನಂತರ ಲೆಕ್ಕ ಹಾಕಿದಾಗ ಸಂಖ್ಯೆ ಬಂತು: ದಿನಕ್ಕೆ ಮೂವತ್ತೊಂದು ಸಾವಿರ. ರೋಹಿತ್‌ಭಾಯ್ ಇಡೀ ಕಚೇರಿಗೆ ಫಾಫಡಾ ಜಲೇಬಿ ತರಿಸಿದರು. ತಿಮ್ಮಪ್ಪನ ಸಂಸಾರದ ಕಥೆಯನ್ನು ನಾನು ಒಂದು ಚೌಕದೊಳಗೆ ಬರೆದು ವರದಿಗೆ ಸೇರಿಸಿದ್ದೆ. ಓದಿ ನಮ್ಮ ಯಜಮಾನರ ಕಣ್ಣು ತೇವವಾಯಿತು ಎಂದು ಅವರೇ ಹೇಳಿದರು. ನಾನು ನೋಡಲಿಲ್ಲ.

ವರದಿ ಕಳಿಸುವ ಮುಂಚೆ ಫಾರ್ಮುಗಳನ್ನು ಇನ್ನೊಮ್ಮೆ ಜಾಲಿಸುವುದು ಪದ್ಧತಿ. ಸಂಪಾದನೆಗೂ ಒಪ್ಪಿದ ದರಕ್ಕೂ ತಾಳೆ ನೋಡಬೇಕು. ನೋಡುತ್ತಾ ಹೋದಂತೆ ನನ್ನ ಜಲೇಬಿ ಕರಗಿತು. ಆ ಅರವತ್ತೊಂದರಲ್ಲಿ ಅರವತ್ತೊಂದೂ ಇನ್ನೂರೈವತ್ತು ರೂಪಾಯಿಗೆ ‘ಹೌದು’. ತಿಂಗಳಿಗೆ ನಾಲ್ಕು ಸಾವಿರ ದುಡಿಯುವ ಮಿಲ್ಲಿನ ಗುಮಾಸ್ತ ದಿನಾ ಐನೂರು ಕೊಟ್ಟು ಓಡಾಡುತ್ತಾನಂತೆ! ಊಟಕ್ಕೆ ಅಯಸ್ಕಾಂತ ತಿನ್ನುತ್ತಾನೋ? ಅವುಗಳನ್ನು ತೆಗೆದರೆ ಸುಮಾರು ಐದು ಸಾವಿರ ಪ್ರಯಾಣಿಕರು ಮಾಯ, ಸಂಖ್ಯೆ ಇಪ್ಪತ್ತಾರು ಸಾವಿರ. ಅಂದರೆ ಯೋಜನೆ ಬಿತ್ತು.

ಮರುದಿನ ಮೂರೂ ಹತ್ತರ ಗಾಡಿ ಹತ್ತಿದೆ. ಈ ಸಲ ಯಾರ ಕರವಸ್ತ್ರವನ್ನೂ ಮುಟ್ಟಲಿಲ್ಲ. ತಿಮ್ಮಪ್ಪ ನನ್ನನ್ನು ನೋಡಿ ನಕ್ಕರು. ನಾನು ನಗಲಿಲ್ಲ. ಕೇಳುವುದಕ್ಕೆ ಸಮಯ ಕಾಯುತ್ತಿದ್ದೆ. ಆಣಂದ್ ದಾಟಿದ ಮೇಲೆ ಒಂದು ಸಣ್ಣ ನಿಲ್ದಾಣದಲ್ಲಿ ಗಾಡಿ ಮುಖ್ಯ ಹಳಿ ಬಿಟ್ಟು ಪಕ್ಕದ ಹಳಿಗೆ ಸರಿದು ನಿಂತಿತು. ಐದೂ ಹತ್ತು. ಇಸ್ಪೀಟು ನಿಂತಿತು, ಭಜನೆ ನಿಂತಿತು. ಎಲ್ಲರೂ ಹಿಂದಿನ ಕಡೆ ಕಿವಿ ಕೊಟ್ಟರು. ಎಂಟು ನಿಮಿಷವಾದ ಮೇಲೆ ಒಂದು ಸೂಪರ್‌ಫಾಸ್ಟ್ ನಮ್ಮ ಕಿಟಕಿಗಳನ್ನೆಲ್ಲ ಅದುರಿಸಿಕೊಂಡು ಹೋಯಿತು. ಆದರೂ ನಮ್ಮ ಗಾಡಿ ಕದಲಲಿಲ್ಲ. ತಿಮ್ಮಪ್ಪ ಬಾಗಿಲ ಕಂಬಿ ಹಿಡಿದು, ತಲೆ ಹೊರಗೆ ಚಾಚಿ ಸಿಗ್ನಲ್ ನೋಡುತ್ತಿದ್ದರು. ಕೈಗಡಿಯಾರ ನೋಡಿಕೊಂಡರು. ಮತ್ತೆ ಸಿಗ್ನಲ್ ನೋಡಿದರು.

“ಇನ್ನೊಂದು ಉಂಟು,” ಎಂದರು. “ಮುಂಬೈಯದ್ದು. ಅದೂ ಹೋಗ್ಬೇಕು, ಆಮೇಲೆ ನಮ್ಮದು.”

“ತಿಮ್ಮಪ್ಪಣ್ಣಾರ,” ಎಂದೆ, “ಆ ಫಾರ್ಮಿನ್ಯಾಗ ಎಲ್ಲಾರೂ ಸುಳ್ಳ ಬರದೀರಿ. ಇನ್ನೂರೈವತ್ತ ಕೊಟ್ಟ ಹೋಗೂ ಮಂದಿ ಏನ್ರಿ ಇವರು?”

ಅವರು ಹಳಿಯ ಕಡೆಗೇ ನೋಡುತ್ತಾ ಹೇಳಿದರು. “ಇವರೆಲ್ಲ ಎಲ್ಲಿಂದ ಹೋಗ್ತಾರೆ ಮೇಡಮ್? ಈಗ ಹೋಯಿತಲ್ಲ ಸೂಪರ್‌ಫಾಸ್ಟ್, ಅದರಲ್ಲಿ ಕೂತವರು ನಿಮ್ಮ ಗಾಡಿಗೆ ಹೋಗ್ತಾರೆ. ದುಡ್ಡಿದ್ದವರು ಮೇಲೆ ತೇಲಿಕೊಂಡು ಹೋದ್ರೆ ಈ ಹಳಿ ನಮಗೆ ಖಾಲಿ. ನಮ್ಮನ್ನು ಹೀಗೆ ಬದಿಗೆ ನಿಲ್ಲಿಸುವವರು ಯಾರೂ ಇರುದಿಲ್ಲ. ನಾನು ಎಲ್ಲರಿಗೂ ಅದನ್ನೇ ಹೇಳಿದ್ದು. ನೀವು ಹೋಗುವ ಪ್ರಶ್ನೆ ಅಲ್ಲ, ಅವರು ಹೋಗ್ಲಿ ಅಂತ ಬರೀರಿ ಅಂತ.”

“ಫಾರ್ಮಿನ್ಯಾಗ ಕೇಳಿದ್ದು ನೀವು ಹೋಗ್ತೀರೇನು ಅಂತ!”

“ನಮಗೆ ಬೇಕಾದ್ದನ್ನು ಅದರಲ್ಲಿ ಕೇಳಿರ್ಲೇ ಇಲ್ಲ ಅಲ್ಲ ಮಾರಾಯ್ರೆ.”

ನನಗೆ ಸಿಟ್ಟು ಬಂತು. ಸಿಟ್ಟಿಗೆ ಕಾರಣ ಅವರು ಹೇಳಿದ್ದರಲ್ಲಿ ತಪ್ಪಿಲ್ಲದಿದ್ದುದು. ನಾವು ಮೂರು ನೂರು ಪುಟ ಬರೆದಿದ್ದೆವು, ಈ ಹಳಿಯಲ್ಲೇ ಉಳಿಯುವವರ ಬಗ್ಗೆ ಒಂದು ಸಾಲಿರಲಿಲ್ಲ. ಮುಂಬೈ ಗಾಡಿ ಹೋದಾಗ ಐದೂ ಮೂವತ್ತೇಳು. ವಡೋದರಾ ಮುಟ್ಟಿದಾಗ ಆರೂ ಎಂಟು.

ಗಾಡಿ ಪೂರ್ತಿ ನಿಲ್ಲುವ ಮುಂಚೆಯೇ ತಿಮ್ಮಪ್ಪ ಇಳಿದು ಓಡಿದರು. ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನಲ್ಲಿ ಬಿಳಿ ಸಮವಸ್ತ್ರದ ಹೆಂಗಸು ಕೂತಿದ್ದಳು, ತೊಡೆಯ ಮೇಲೆ ಚೀಲ, ಪಕ್ಕದಲ್ಲಿ ಶಾಲೆಯ ಬಟ್ಟೆಯಲ್ಲೇ ಇದ್ದ ಹುಡುಗಿ.

“ಪಪ್ಪಾ, ಮಮ್ಮಿದು ಗಾಡಿ ಗಯಿ,” ಎಂದಳು ಹುಡುಗಿ. ಗಾಡಿ ಹೋಯಿತು ಎನ್ನುವುದಕ್ಕೂ ಅವಳ ಕನ್ನಡಕ್ಕೆ ಅರ್ಧ ಗುಜರಾತಿ ಬೆರೆತಿತ್ತು.

ತಿಮ್ಮಪ್ಪ ಮಗಳ ಕೈ ಹಿಡಿದುಕೊಂಡರು. ಕಮಲಾ ಅವರನ್ನು ಬೈಯಲಿಲ್ಲ. ಅವರು ನನ್ನ ಪರಿಚಯ ಹೇಳಿದರು, ರೈಲಿನ ವರದಿಯ ಮೇಡಮ್ ಎಂದು. ಅವಳು ಚೀಲ ಸರಿಸಿ ನನಗೆ ಜಾಗ ಮಾಡಿಕೊಟ್ಟಳು.

“ಈ ತಿಂಗಳಲ್ಲಿ ಮೂರನೇ ಸಲ,” ಎಂದಳು. “ಮುಂದಿನ ಗಾಡಿಗೆ ಹೋದ್ರೆ ಮುಟ್ಟುವಾಗ ಹತ್ತು ಗಂಟೆ. ಅಲ್ಲಿ ಒಂದೊಂದು ಮಗು ಒಂದು ಕೆಜಿ, ಒಂದೂಕಾಲು ಕೆಜಿ. ಹಗಲಿನವಳು ನಾನು ಬರುವವರೆಗೆ ಅವುಗಳನ್ನು ಬಿಟ್ಟು ಹೋಗ್ಲಿಕ್ಕೆ ಆಗುದಿಲ್ಲ. ಇವತ್ತು ಬರ್ಲಿಕ್ಕೆ ಆಗುದಿಲ್ಲ ಅಂತ ಈಗ ಫೋನು ಮಾಡಿದೆ, ಇನ್ನೊಂದು ಸಲ ಹೀಗಾದ್ರೆ ಬರುವುದೇ ಬೇಡ ಅಂತ ಮೇಟ್ರನ್ ಹೇಳಿದ್ರು. ಅವರದ್ದೂ ತಪ್ಪಲ್ಲ.” ಮಗಳ ಕಾಲರು ಸರಿಮಾಡುತ್ತಾ ಕೇಳಿದಳು. “ನಿಮ್ಮ ರೈಲು ಯಾವಾಗ ಬರ್ತದೆ ಮೇಡಮ್?”

ವರದಿಯಲ್ಲಿ ಇದ್ದದ್ದನ್ನು ಹೇಳಿದೆ. ಎಲ್ಲವೂ ಸುಸೂತ್ರವಾಗಿ ಆದರೆ ಹನ್ನೊಂದು ವರ್ಷ.

ಕಮಲಾ ಮಗಳನ್ನು ನೋಡಿದಳು, ಮನಸ್ಸಿನಲ್ಲೇ ಕೂಡಿಸಿಕೊಂಡಳು, ಜೋರಾಗಿ ನಕ್ಕಳು. “ಅಷ್ಟೊತ್ತಿಗೆ ನನ್ನನ್ನು ರೈಲು ಹತ್ತಿಸ್ಲಿಕ್ಕೆ ಇವಳೇ ಬರ್ತಾಳೆ.”

ನನಗೆ ನಗು ಬರಲಿಲ್ಲ. ವಾಪಸಿನ ಬಸ್ಸಿನಲ್ಲಿ ಇಡೀ ದಾರಿ ಆ ಹೆಂಗಸಿನ ಚೀಲ ಕಣ್ಣ ಮುಂದಿತ್ತು. ಅದರಲ್ಲಿ ರಾತ್ರಿಯ ಊಟವಿತ್ತು, ಅದನ್ನು ಅವಳು ಮನೆಗೆ ತೆಗೆದುಕೊಂಡು ಹೋಗಿ ಉಣ್ಣಬೇಕಿತ್ತು.

ಎರಡು ದಿನ ಆ ಅರವತ್ತೊಂದು ಫಾರ್ಮುಗಳನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ಹಾಗೇ ಬಿಟ್ಟರೆ ಯೋಜನೆ ಉಳಿಯುತ್ತದೆ, ನನ್ನ ಕೆಲಸ ಉಳಿಯುತ್ತದೆ, ಎಂದಾದರೂ ಒಂದು ದಿನ ಆ ಹಳಿ ತಿಮ್ಮಪ್ಪನಂಥವರಿಗೆ ಖಾಲಿಯಾಗುತ್ತದೆ. ತೆಗೆದರೆ ಲೆಕ್ಕ ನಿಜವಾಗುತ್ತದೆ, ಅಷ್ಟೇ. ಬರೆದವರು ಇನ್ನೂರೈವತ್ತು ಕೊಡುವವರಲ್ಲ ಎಂದು ನನಗೆ ಗೊತ್ತು, ಅವರಿಗೂ ಗೊತ್ತು. ಅವರು ಬಾರದೆ ಖಾಲಿ ಓಡುವ ಗಾಡಿಗೆ ಯಾರದೋ ತೆರಿಗೆ ಸುರಿಯಬೇಕು. ರೋಹಿತ್‌ಭಾಯ್ ಹಿಂದಿ ಇಂಗ್ಲಿಷು ಬೆರೆಸಿ ತಿಳಿಹೇಳಿದರು.

“ಜನ ತಾವಾಗಿ ಬರೆದುಕೊಟ್ಟಿದ್ದಾರೆ. ಅವರ ಮನಸ್ಸಿನೊಳಗೆ ಇಣುಕಲು ನಿನಗೆ ಯಾರು ಹೇಳಿದರು?”

“ತಾಳೆ ನೋಡುವ ನಿಯಮ ನೀವೇ ಕಲಿಸಿದ್ದು,” ಎಂದೆ. “ತಿಂಗಳ ದರ ಸಂಪಾದನೆಯ ಅರ್ಧವನ್ನು ಮೀರಿದರೆ ಫಾರ್ಮು ಅನೂರ್ಜಿತ. ಅರವತ್ತೊಂದೂ ಮೀರಿವೆ.”

ಅರವತ್ತೊಂದನ್ನೂ ತೆಗೆದೆ. ಹಠಕ್ಕೆ ಇನ್ನೊಂದು ಕೆಲಸ ಮಾಡಿದೆ. ಆ ಪ್ಯಾಸೆಂಜರ್ ಗಾಡಿಯನ್ನು ಅಹಮದಾಬಾದಿನಿಂದ ಮೂವತ್ತು ನಿಮಿಷ ಮುಂಚೆ ಬಿಟ್ಟರೆ ಎರಡೂ ಸೂಪರ್‌ಫಾಸ್ಟುಗಳಿಗೆ ಸಿಗದೆ ವಡೋದರಾ ಮುಟ್ಟುತ್ತದೆ ಎಂದು ವೇಳಾಪಟ್ಟಿ ಸಮೇತ ಎರಡು ಪುಟ ಬರೆದೆ. ಇದಕ್ಕೆ ಅಯಸ್ಕಾಂತ ಬೇಡ, ಒಂದು ಆದೇಶ ಸಾಕು. ರೋಹಿತ್‌ಭಾಯ್ ಓದಿ, “ಇದನ್ನು ನಮಗೆ ಯಾರೂ ಕೇಳಿಲ್ಲ,” ಎಂದರು. ಆದರೂ ಕೆಟ್ಟ ಮನುಷ್ಯನಲ್ಲ, ವರದಿಯ ಕೊನೆಯಲ್ಲಿ ಒಂಬತ್ತನೇ ಅನುಬಂಧವಾಗಿ ಸೇರಿಸಿ ಕಳಿಸಿದರು. ನಾಲ್ಕು ತಿಂಗಳಿಗೆ ಉತ್ತರ ಬಂತು. ತೇಲುವ ಗಾಡಿ ಸದ್ಯಕ್ಕೆ ಕಾರ್ಯಸಾಧ್ಯವಲ್ಲ. ಅನುಬಂಧದ ಬಗ್ಗೆ ಮಾತಿರಲಿಲ್ಲ. ಗೋಡೆಯ ಚಿತ್ರ ಇಳಿಯಿತು, ನನ್ನ ಕೆಲಸ ಮಾತ್ರ ಒಂದು ಬಸ್ ನಿಲ್ದಾಣದ ಯೋಜನೆಗೆ ಅಂಟಿಕೊಂಡು ಉಳಿಯಿತು.

ತಿಮ್ಮಪ್ಪನಿಗೆ ನಾನೇ ಹೇಳಬೇಕೆಂದು ಅನಿಸಿತು. ಮೂರೂ ಹತ್ತರ ಗಾಡಿ ಹತ್ತಿದೆ. ಅವರು ಕಿಟಕಿಯ ಪಕ್ಕ ಕಾಲು ಚಾಚಿ ಕೂತಿದ್ದರು. ಪಕ್ಕದ ಕರವಸ್ತ್ರ ತೆಗೆದು ನನಗೆ ಜಾಗ ಕೊಟ್ಟರು. ನಾನು ಎಲ್ಲವನ್ನೂ ಹೇಳಿದೆ. ಗಾಡಿ ಬರುವುದಿಲ್ಲ, ಫಾರ್ಮುಗಳನ್ನು ತೆಗೆದವಳು ನಾನೇ.

“ಹೋಗ್ಲಿ ಬಿಡಿ,” ಎಂದರು. “ಇವರಿಗೆಲ್ಲ ಹೇಳಿ ಬರೆಸಿದ್ದು ನನ್ನ ತಪ್ಪು.” ಆಮೇಲೆ ಕೇಳಿದರು. “ಅರವತ್ತೊಂದೂ ತೆಗೆದ್ರಾ? ನನ್ನದೂ?”

“ನಿಮ್ಮದೂ ಮತ್ತ. ಎಲ್ಲಾ ಒಂದ ಥರಾ ಇದ್ವಲ್ಲ.”

“ನನ್ನದು ಸುಳ್ಳಲ್ಲ ಮೇಡಮ್.”

ನಾನು ಅವರ ಮುಖ ನೋಡಿದೆ.

“ಉಳಿದವರದ್ದು ನಾನು ಹೇಳಿ ಬರೆಸಿದ್ದು. ನನ್ನದು ನಾನು ಸರಿಯಾಗಿಯೇ ಬರೆದದ್ದು. ವಾರಕ್ಕೆ ನಾಲ್ಕು ದಿನ, ಬರುವಾಗ ಮಾತ್ರ. ಹೋಗುವಾಗ ನನಗೆ ನಸುಕಿನ ಗಾಡಿಯೇ ಸಾಕಲ್ಲ.”

“ನಿಮ್ಮ ಪಗಾರ ಐದ ಸಾವಿರ ಅಂತ ಬರದೀರಿ. ತಿಂಗಳಿಗೆ ನಾಲ್ಕ ಸಾವಿರ ಗಾಡಿಗೇ ಹೋಗ್ತಿತ್ತು.”

“ಹೌದು. ಅವಳಿಗೆ ಒಂಬತ್ತು ಬರ್ತಿತ್ತು. ಅದನ್ನು ಬರೀಲಿಕ್ಕೆ ನಿಮ್ಮ ಕಾಗದದಲ್ಲಿ ಜಾಗ ಇರ್ಲಿಲ್ಲ.” ಅವರ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. “ದುಡ್ಡಿಗೆ ಅಂತ ಅಲ್ಲ. ನನ್ನ ಸಂಬಳ ಪೂರ್ತಿ ಹೋದ್ರೂ ಆಗ್ತಿತ್ತು. ಆ ಕೆಲಸ ಅಂದ್ರೆ ಅವಳಿಗೆ ಜೀವ.”

ಮನೆಯ ಒಟ್ಟು ಸಂಪಾದನೆ ಎಷ್ಟು ಎಂಬುದು, ಉದ್ದವಾಯಿತೆಂದು ನಾನು ಹೊಡೆದು ಹಾಕಿದ ಎಂಟು ಪ್ರಶ್ನೆಗಳಲ್ಲಿ ಒಂದು. ಎರಡು ದಿನ ಆ ಫಾರ್ಮುಗಳ ಮುಂದೆ ಕೂತು ಸತ್ಯ ಸುಳ್ಳು ತೂಗಿದ್ದೆ, ಎದುರಿಗಿದ್ದ ಮನುಷ್ಯನನ್ನು ಒಂದು ಮಾತು ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

“ಬರ್ತಿತ್ತು ಅಂದ್ರಿ,” ಎಂದೆ ಮೆಲ್ಲಗೆ. “ಕಮಲಕ್ಕಾರ?”

“ಬಿಟ್ಟಳು. ನೀವು ಬಂದು ಹೋದ ಮೇಲೆ ಒಂದೂವರೆ ತಿಂಗಳಾಗಿರಬಹುದು, ಮತ್ತೊಮ್ಮೆ ತಪ್ಪಿತು. ಈಗ ಮನೆಯಲ್ಲೇ ಇದ್ದಾಳೆ.”

ಯಾರೋ ಇಸ್ಪೀಟಿಗೆ ಕರೆದರು. ಅವರು ಬರುತ್ತೇನೆಂದು ಕೈ ಮಾಡಿ, ಎಲೆ ಬಿಚ್ಚಿ ನನಗೊಂದು ಇಡ್ಲಿ ಕೊಟ್ಟರು. ತಿಂದೆ, ರುಚಿ ತಿಳಿಯಲಿಲ್ಲ. ಆಣಂದ್ ದಾಟಿತು. ಆ ಸಣ್ಣ ನಿಲ್ದಾಣ ಹತ್ತಿರವಾದಂತೆ ನಾನೇ ಎದ್ದು ಬಾಗಿಲಿಗೆ ಹೋಗಿ ಕಂಬಿ ಹಿಡಿದು ಸಿಗ್ನಲ್ ನೋಡಿದೆ. ಹಸಿರು ಇತ್ತು, ಅಂದು ಸೂಪರ್‌ಫಾಸ್ಟುಗಳೇ ತಡವಾಗಿದ್ದವೇನೋ. ಗಾಡಿ ಪಕ್ಕದ ಹಳಿಗೆ ಸರಿಯಲಿಲ್ಲ, ವೇಗ ಕೂಡ ಕಡಿಮೆ ಮಾಡಲಿಲ್ಲ.

ವಡೋದರಾಕ್ಕೆ ಬಂದಾಗ ಐದೂ ಮೂವತ್ತೆಂಟು. ತಿಮ್ಮಪ್ಪ ಕೈಯಲ್ಲಿದ್ದ ಆಟ ಮುಗಿಸಿ, ಇಸ್ಪೀಟೆಲೆಗಳನ್ನು ಜೋಡಿಸಿಟ್ಟು, ಎಲ್ಲರೂ ಇಳಿದ ಮೇಲೆ ನಿಧಾನಕ್ಕೆ ಇಳಿದರು.